ಹಳೆಯ ಗಣಕಯಂತ್ರದ ಪರದೆಯೂ ನಮ್ಮ ಅಕ್ಷರವೂ

ಗಣಕಯಂತ್ರದ ಪರದೆಯ ಮೇಲೆ ಕನ್ನಡದ ಅಕ್ಷರವೊಂದು ಮೂಡುವುದು ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯದ ಸಂಗತಿಯಲ್ಲ. ಒಂದು ಕೀಲಿಯನ್ನು ಒತ್ತಿದರೆ 'ಕ' ಬರುತ್ತದೆ. ಇನ್ನೊಂದನ್ನು ಒತ್ತಿದರೆ ಅದಕ್ಕೆ ಗುಡಿಸು ಬರುತ್ತದೆ. ಮತ್ತೊಂದರಿಂದ ಒತ್ತು ಬರುತ್ತದೆ. ನಲ್ಲಿ ತಿರುಗಿಸಿದರೆ ನೀರು ಬಂದಷ್ಟೇ ಸಹಜ. ಆದರೆ ನಮ್ಮ ಕಾಸರಗೋಡಿನ ಗುಡ್ಡದ ಮನೆಗಳಲ್ಲಿ ನಲ್ಲಿಯ ನೀರಿನ ಹಿಂದೆ ಸುರಂಗ ಕೊರೆದವರ ಬೆವರಿದೆಯೆಂಬುದನ್ನು ನಾವು ಬಲ್ಲೆವು. ಅಂತೆಯೇ ಪರದೆಯ ಮೇಲಿನ ಅಕ್ಷರದ ಹಿಂದೆಯೂ ಒಂದು ಶ್ರಮದ ಕಥೆಯಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆಂದು ಹೊಲಿದ ಅಂಗಿಯಂತಿದ್ದ ಯಂತ್ರಕ್ಕೆ, ಅದರ ಹುಟ್ಟುಗುಣವನ್ನು ಕೆಡಿಸದೆ, ಹೊರಗಿನಿಂದ ಒಂದು ಕಾರ್ಡನ್ನು ಸೇರಿಸಿ ಬೇರೆ ಅಕ್ಷರಗಳನ್ನೂ ಚಿತ್ರಗಳನ್ನೂ ತೋರಿಸಿದವರ ಕಥೆ ಅದು. ಆ ಯಂತ್ರಗಳು ಇಂದು ಹಳತಾಗಿವೆ. ಹಳೆಯ ವಸ್ತುಗಳ ಆಸಕ್ತರು ಕೆಲವರು ಮಾತ್ರ ಅವನ್ನು ಜೋಪಾನ ಮಾಡಿ ನಡೆಸುತ್ತಿದ್ದಾರೆ. ಆದರೂ ಅವುಗಳ ಒಳಗುಟ್ಟನ್ನು ಅರಿತರೆ ನಮ್ಮ ಲಿಪಿಯ ಸ್ವಭಾವವೂ ನಮಗೆ ಚೆನ್ನಾಗಿ ಅರಿವಾಗುತ್ತದೆ. ಆದಕಾರಣ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊಳೆಯೂ ಬ್ಲಾಕೂ

ಹಿಂದೆ ಅಚ್ಚುಕೂಟಗಳಲ್ಲಿ ಪುಸ್ತಕಗಳನ್ನು ಎರಡು ಬಗೆಯ ಸಾಮಗ್ರಿಯಿಂದ ಅಚ್ಚು ಹಾಕುತ್ತಿದ್ದರು. ಬರಹಕ್ಕೆ ಸೀಸದ ಮೊಳೆಗಳು, ಚಿತ್ರಕ್ಕೆ ಬ್ಲಾಕು. ಮೊಳೆ ಜೋಡಿಸುವವನ ಮುಂದೆ ಸಣ್ಣ ಸಣ್ಣ ಕೋಣೆಗಳಿರುವ ಮರದ ಪೆಟ್ಟಿಗೆ. ಒಂದೊಂದು ಕೋಣೆಯಲ್ಲಿ ಒಂದೊಂದು ಆಕಾರದ ಮೊಳೆ. ಕೋಣೆಯಲ್ಲಿಲ್ಲದ ಆಕಾರವನ್ನು ಅವನು ತರುವುದು ಎಲ್ಲಿಂದ? ಬ್ಲಾಕಿನ ಮಾತು ಹಾಗಲ್ಲ. ಅದರಲ್ಲಿ ಆನೆಯನ್ನೂ ಕೆತ್ತಬಹುದು, ಅಕ್ಷರವನ್ನೂ ಕೆತ್ತಬಹುದು. ಆದರೆ ಶ್ರಮವೂ ಖರ್ಚೂ ಹೆಚ್ಚು.

ಗಣಕಯಂತ್ರದ ಪರದೆಗೂ ಇವೇ ಎರಡು ದಾರಿ. ಮೊಳೆಯ ದಾರಿಗೆ ಅಕ್ಷರ ವಿಧಾನ ಅಥವಾ ಟೆಕ್ಸ್ಟ್ ಮೋಡ್ ಎಂದು ಹೆಸರು. ಇದರಲ್ಲಿ ಪರದೆಯನ್ನು ಸಮನಾದ ಮನೆಗಳಾಗಿ ಹಂಚಿರುತ್ತಾರೆ. ಯಂತ್ರದ ಒಂದು ಚಿಪ್ಪಿನಲ್ಲಿ 256 ಆಕಾರಗಳು ಮೊದಲೇ ಅಚ್ಚಾಗಿರುತ್ತವೆ. ಮೆಮೊರಿಯಲ್ಲಿ 65 ಎಂಬ ಸಂಖ್ಯೆಯಿದ್ದರೆ ಆ ಮನೆಯಲ್ಲಿ ಇಂಗ್ಲಿಷಿನ ದೊಡ್ಡ 'ಎ' ಕಾಣಿಸುತ್ತದೆ. ಬ್ಲಾಕಿನ ದಾರಿಗೆ ಚಿತ್ರ ವಿಧಾನ ಅಥವಾ ಗ್ರಾಫಿಕ್ಸ್ ಮೋಡ್ ಎಂದು ಹೆಸರು. ಇದರಲ್ಲಿ ಪರದೆಯ ಒಂದೊಂದು ಚುಕ್ಕೆಯನ್ನೂ ಬೇರೆ ಬೇರೆಯಾಗಿ ಬೆಳಗಿಸಬಹುದು, ಆರಿಸಬಹುದು. ಒಂದು ಯಂತ್ರ ಕಾರ್ಖಾನೆಯಿಂದ ಹೊರಟಾಗಲೇ ಅದಕ್ಕೆ ಗೊತ್ತಿರುವ ಇಂತಹ ವಿಧಾನಗಳನ್ನು ಅದರ ಸ್ವಂತ ವಿಧಾನ, ಅಂದರೆ ನೇಟಿವ್ ಮೋಡ್ ಎನ್ನುತ್ತಾರೆ. ಆಮೇಲೆ ಸ್ಲಾಟಿಗೆ ಸಿಕ್ಕಿಸಿದ ಕಾರ್ಡಿನಿಂದ ಬರುವುದು ಸೇರಿಸಿದ ವಿಧಾನ.

ಮೆಮೊರಿಯ ಲೆಕ್ಕ

ಉದಾಹರಣೆಗೆ 1981ರ ಆಗಸ್ಟಿನಲ್ಲಿ ಹೊರಬಂದ ಐ.ಬಿ.ಎಂ. ಪಿ.ಸಿ.ಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಪರದೆಯ ವ್ಯವಸ್ಥೆಯೇ ಒಂದು ಕಾರ್ಡಿನ ಮೇಲಿತ್ತು; ಕಂಪೆನಿಯವರೇ ಎರಡು ಬಗೆಯ ಕಾರ್ಡುಗಳನ್ನು ಕೊಡುತ್ತಿದ್ದರು.

ಮೊದಲನೆಯದು ಎಂ.ಡಿ.ಎ. ಎಂಬ ಏಕವರ್ಣದ ಕಾರ್ಡು. ಅಡ್ಡಕ್ಕೆ 80, ಉದ್ದಕ್ಕೆ 25, ಒಟ್ಟು 2,000 ಅಕ್ಷರದ ಮನೆಗಳು. ಪ್ರತಿ ಮನೆಗೂ ಅಕ್ಷರದ ಸಂಖ್ಯೆಗೆ ಒಂದು ಬೈಟು, ಅದು ಉಜ್ವಲವಾಗಿರಬೇಕೋ ಅಡಿಗೆರೆ ಬೇಕೋ ಎಂಬುದಕ್ಕೆ ಮತ್ತೊಂದು ಬೈಟು. ಹೀಗೆ 4,000 ಬೈಟು. ಕಾರ್ಡಿನ ಮೆಮೊರಿ 4 ಕೆ.ಬಿ., ಎಂದರೆ 4,096 ಬೈಟು. ಒಂದೊಂದು ಮನೆಯೂ 9 ಚುಕ್ಕೆ ಅಗಲ, 14 ಚುಕ್ಕೆ ಎತ್ತರ. ಗುಣಿಸಿ ನೋಡಿದರೆ ಪರದೆ 720 ಚುಕ್ಕೆ ಅಗಲ, 350 ಚುಕ್ಕೆ ಎತ್ತರವಾಯಿತು. ಅಕ್ಷರಗಳು ಬಹಳ ಅಂದ. ಆದರೆ ಚಿತ್ರವೆಂಬುದು ಅದಕ್ಕೆ ಗೊತ್ತೇ ಇರಲಿಲ್ಲ.

ಎರಡನೆಯದು ಸಿ.ಜಿ.ಎ. ಎಂಬ ಬಣ್ಣದ ಕಾರ್ಡು. ಇದರ ಮೆಮೊರಿ 16 ಕೆ.ಬಿ. ಇದು 320 ಅಗಲ 200 ಎತ್ತರದ ಚಿತ್ರವನ್ನು 4 ಬಣ್ಣಗಳಲ್ಲಿ, ಅಥವಾ 640 ಅಗಲದ ಚಿತ್ರವನ್ನು 2 ಬಣ್ಣಗಳಲ್ಲಿ ತೋರಿಸುತ್ತಿತ್ತು. 4 ಬಣ್ಣಕ್ಕೆ ಪ್ರತಿ ಚುಕ್ಕೆಗೂ 2 ಬಿಟ್ ಬೇಕು. 320ನ್ನು 200ರಿಂದಲೂ ಆಮೇಲೆ 2ರಿಂದಲೂ ಗುಣಿಸಿ 8ರಿಂದ ಭಾಗಿಸಿದರೆ 16,000 ಬೈಟು. 640 ಚುಕ್ಕೆಯ ಲೆಕ್ಕ ಮಾಡಿದರೂ ಉತ್ತರ ಅಷ್ಟೇ. ಒಂದೇ ಹಣವನ್ನು ಬಣ್ಣಕ್ಕೆ ಖರ್ಚು ಮಾಡಬೇಕೋ ನವುರಿಗೆ ಖರ್ಚು ಮಾಡಬೇಕೋ ಎಂಬಂತಹ ಪ್ರಶ್ನೆ ಇದು. ಈ ಕಾರ್ಡಿನ ಅಕ್ಷರದ ಮನೆ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರ ಮಾತ್ರ. ಚಿತ್ರವುಂಟು, ಆದರೆ ದಿನವಿಡೀ ಓದುವವನ ಕಣ್ಣಿಗೆ ಅಕ್ಷರ ಒರಟು.

ಎಂಟು ಮನೆಯೊಳಗೆ ಕನ್ನಡ

ಈಗ ನಮ್ಮ ಅಕ್ಷರದ ಮಾತಿಗೆ ಬರೋಣ. 1984ರಲ್ಲಿ ಭಾರತ ಸರಕಾರವು ಶಾಲೆಗಳಲ್ಲಿ ಗಣಕ ಶಿಕ್ಷಣದ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿದಾಗ ಇಂಗ್ಲೆಂಡಿನ ಏಕಾರ್ನ್ ಕಂಪೆನಿಯ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರವನ್ನು ಶಾಲೆಗಳಿಗೆ ಒದಗಿಸಿತು. ಆ ಯಂತ್ರದಲ್ಲಿ ಬಳಸುವವನೇ ಹೊಸ ಅಕ್ಷರ ರೂಪಿಸಿಕೊಳ್ಳಲು ಅವಕಾಶವಿತ್ತು. ವಿ.ಡಿ.ಯು. 23 ಎಂಬ ಆಜ್ಞೆಯನ್ನೂ ಅಕ್ಷರದ ಸಂಖ್ಯೆಯನ್ನೂ ಕೊಟ್ಟು, ಮುಂದೆ ಎಂಟು ಸಂಖ್ಯೆಗಳನ್ನು ಬರೆಯಬೇಕು. ಒಂದೊಂದು ಸಂಖ್ಯೆಯೂ ಎಂಟು ಚುಕ್ಕೆಗಳ ಒಂದೊಂದು ಸಾಲು.

ವಿದ್ಯಾರ್ಥಿಗಳು ಚೌಕುಳಿ ಹಾಳೆಯಲ್ಲಿ ಇದನ್ನು ಮಾಡಿ ನೋಡಬಹುದು. ಅಡ್ಡಕ್ಕೂ ಉದ್ದಕ್ಕೂ ಎಂಟೆಂಟು ಮನೆಗಳನ್ನು ಗುರುತಿಸಿರಿ. ಎಡದಿಂದ ಬಲಕ್ಕೆ ಮನೆಗಳ ಬೆಲೆ 128, 64, 32, 16, 8, 4, 2, 1. ಕಪ್ಪು ಮಾಡಿದ ಮನೆಗಳ ಬೆಲೆಗಳನ್ನು ಸಾಲು ಸಾಲಾಗಿ ಕೂಡಿಸಿರಿ. 60, 66, 129, 129, 129, 129, 66, 60 ಎಂಬ ಎಂಟು ಸಂಖ್ಯೆಗಳನ್ನು ಮನೆಗಳಲ್ಲಿ ತುಂಬಿದರೆ ದುಂಡಗಿನ ಸೊನ್ನೆಯೊಂದು ಮೂಡುತ್ತದೆ. ಸೊನ್ನೆಯೇನೋ ಸುಲಭ. ಇನ್ನು ಅದೇ ಎಂಟು ಮನೆಗಳಲ್ಲಿ 'ಸ್ತ್ರೀ' ಎಂದು ಬರೆಯಿರಿ. ಸಕಾರದ ಮೇಲೆ ಗುಡಿಸು, ಕೆಳಗೆ ತವೊತ್ತು, ರವೊತ್ತು, ಬಲಕ್ಕೆ ದೀರ್ಘ. ಎಂಟು ಸಾಲಿನಲ್ಲಿ ಸಕಾರವೇ ತುಂಬಿಹೋಗುತ್ತದೆ, ಒತ್ತಿಗೆ ಸ್ಥಳವೆಲ್ಲಿ?

ಎತ್ತರದ ತೊಂದರೆಯಷ್ಟೇ ಅಲ್ಲ, ಎಣಿಕೆಯ ತೊಂದರೆಯೂ ಉಂಟು. ನಮ್ಮ ವರ್ಣಮಾಲೆಯಲ್ಲಿ ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49. ಇಷ್ಟೇ ಆಗಿದ್ದರೆ 256 ಕೋಣೆಗಳ ಪೆಟ್ಟಿಗೆ ಧಾರಾಳವಾಯಿತು. ಆದರೆ ಕಾಗುಣಿತವನ್ನು ಮರೆಯುವುದುಂಟೆ? 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪಗಳು. ಅದರ ಮೇಲೆ ಒತ್ತಕ್ಷರಗಳು. ಮುಂದೆ 1984ರಲ್ಲಿ ಇ.ಜಿ.ಎ., 1987ರಲ್ಲಿ ವಿ.ಜಿ.ಎ. ಎಂಬ ಕಾರ್ಡುಗಳು ಬಂದಾಗ ಅಕ್ಷರದ ಆಕಾರಗಳನ್ನು ನಾವೇ ತುಂಬಬಹುದಾಯಿತು. ಒಮ್ಮೆಗೆ 512 ಆಕಾರಗಳವರೆಗೆ ಇರಿಸಬಹುದಾಯಿತು. ಅಷ್ಟಾದರೂ ಒತ್ತಕ್ಷರಗಳ ಗುಂಪು ಹೊರಗೇ ಉಳಿಯುತ್ತಿತ್ತು. ಮೊಳೆಯ ದಾರಿಯಲ್ಲಿ ಕನ್ನಡಕ್ಕೆ ಪೂರ್ತಿ ನ್ಯಾಯ ದೊರೆಯುವುದು ಸಾಧ್ಯವಿರಲಿಲ್ಲ. ಬ್ಲಾಕಿನ ದಾರಿಯೇ ಬೇಕಾಗಿತ್ತು.

ಥಾಯ್ ಅಕ್ಷರಕ್ಕಾಗಿ ಹುಟ್ಟಿದ ಕಾರ್ಡು

ಈ ಕಷ್ಟ ನಮ್ಮದೊಂದೇ ಆಗಿರಲಿಲ್ಲ. ಥಾಯ್ಲೆಂಡಿನ ಲಿಪಿಯಲ್ಲಿಯೂ ವ್ಯಂಜನದ ಮೇಲೆ ಕೆಳಗೆ ಸ್ವರಚಿಹ್ನೆಗಳು ಕೂಡುತ್ತವೆ. ಅಮೆರಿಕದಲ್ಲಿದ್ದ ವಾನ್ ಸುವನ್ನುಕುಲ್ ಎಂಬ ಥಾಯ್ ವ್ಯಕ್ತಿ ತನ್ನ ಡಾಕ್ಟರೇಟ್ ಪ್ರಬಂಧವನ್ನು ಐ.ಬಿ.ಎಂ. ಯಂತ್ರದಲ್ಲಿ ತನ್ನ ತಾಯ್ನುಡಿಯ ಲಿಪಿಯಲ್ಲಿ ಬರೆಯಬೇಕೆಂದು ಹೊರಟರು. ಎಂ.ಡಿ.ಎ. ಕಾರ್ಡಿನಲ್ಲಿ ಥಾಯ್ ಅಕ್ಷರವಿಲ್ಲ, ಸಿ.ಜಿ.ಎ. ಕಾರ್ಡಿನಲ್ಲಿ ಸ್ಪಷ್ಟತೆಯಿಲ್ಲ. ಆಗ ಅವರು ತಾವೇ ಒಂದು ಕಾರ್ಡನ್ನು ರೂಪಿಸಿದರು. ಅದೇ 1982ರಲ್ಲಿ ಹೊರಬಂದ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡು. ಒಂದು ನಾಡಿನ ಅಕ್ಷರದ ಹಂಬಲದಿಂದ ಹುಟ್ಟಿದ ಈ ಕಾರ್ಡು ಅನಂತರ ಲೋಕದ ಕಚೇರಿಗಳಲ್ಲೆಲ್ಲ ಹರಡಿತೆಂಬುದು ಗಮನಾರ್ಹ.

ಈ ಕಾರ್ಡಿನ ಜಾಣತನ ಎರಡು ವಿಧದ್ದು. ಮೊದಲನೆಯದಾಗಿ, ಯಂತ್ರವನ್ನು ಚಾಲೂ ಮಾಡಿದಾಗ ಅದು ಎಂ.ಡಿ.ಎ. ಕಾರ್ಡಿನಂತೆಯೇ ನಡೆದುಕೊಳ್ಳುತ್ತಿತ್ತು. ಹಳೆಯ ಪ್ರೋಗ್ರಾಮುಗಳಿಗೆ ಒಳಗೆ ಹೊಸಬನಿದ್ದಾನೆಂಬ ಸುಳಿವೇ ಸಿಗದು. ಎರಡನೆಯದಾಗಿ, ಆಜ್ಞೆ ಕೊಟ್ಟರೆ ಅದೇ ಮಾನಿಟರಿನಲ್ಲಿ 720 ಅಗಲ, 348 ಎತ್ತರದ ಚಿತ್ರ ವಿಧಾನಕ್ಕೆ ತಿರುಗುತ್ತಿತ್ತು. 350 ಇರಬೇಕಾದಲ್ಲಿ 348 ಏಕೆ ಎಂದು ಕೇಳಬಹುದು. ಪರದೆಯ ಗೆರೆಗಳನ್ನು ನಡೆಸುವ 6845 ಎಂಬ ಚಿಪ್ಪು ಅಕ್ಷರದ ಸಾಲುಗಳನ್ನು ಎಣಿಸಲೆಂದು ಮಾಡಿದ್ದು. ಸುಮಾರು ನೂರಿಪ್ಪತ್ತೈದಕ್ಕಿಂತ ಹೆಚ್ಚು ಸಾಲುಗಳನ್ನು ಅದು ಎಣಿಸಲಾರದು. ಆದಕಾರಣ ನಾಲ್ಕು ನಾಲ್ಕು ಗೆರೆಗಳನ್ನು ಒಂದು ಸಾಲೆಂದು ಲೆಕ್ಕ ಹಿಡಿದರು. 87 ಸಾಲನ್ನು 4ರಿಂದ ಗುಣಿಸಿದರೆ 348. ಹೀಗೆ ಒಂದು ಚಿತ್ರಕ್ಕೆ 31,320 ಬೈಟು, ಅಂದರೆ 32 ಕೆ.ಬಿ.ಯ ಒಳಗೆ. ಕಾರ್ಡಿನಲ್ಲಿದ್ದ ಮೆಮೊರಿ 64 ಕೆ.ಬಿ. ಆದ್ದರಿಂದ ಒಂದು ಪುಟವನ್ನು ತೋರಿಸುತ್ತಿರುವಾಗಲೇ ಇನ್ನೊಂದು ಪುಟವನ್ನು ಬರೆದಿಡಬಹುದಾಗಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕಪತ್ರದ ಪ್ರೋಗ್ರಾಮು ಈ ಕಾರ್ಡನ್ನು ಬಳಸಿಕೊಂಡು ಒಂದೇ ಮಾನಿಟರಿನಲ್ಲಿ ಅಂದವಾದ ಅಂಕಿಗಳನ್ನೂ ನಕ್ಷೆಗಳನ್ನೂ ತೋರಿಸಿದ್ದರಿಂದ ಕಾರ್ಡಿಗೆ ಬಹಳ ಬೇಡಿಕೆ ಬಂತು.

ಒಂದೇ ಮನೆಯಲ್ಲಿ ಇಬ್ಬರು

ಹಳೆಯ ಕಾರ್ಡನ್ನು ತೆಗೆಯದೆ ಹೊಸದನ್ನೂ ಇಟ್ಟುಕೊಳ್ಳುವುದು ಹೇಗೆ? ಹಳೆಯ ಯಂತ್ರಗಳ ಆಸಕ್ತರಿಗೆ ಇಂದಿಗೂ ಸ್ವಾರಸ್ಯದ ಪ್ರಶ್ನೆ ಇದು. ಇದಕ್ಕೆ ಮುಖ್ಯವಾಗಿ ಮೂರು ಉಪಾಯಗಳುಂಟು.

ಒಂದನೆಯದು, ಎರಡು ಕಾರ್ಡು ಎರಡು ಮಾನಿಟರು. ಅಂಚೆಯವನಿಗೆ ಮನೆ ನಂಬರು ಹೇಗೋ ಹಾಗೆ ಗಣಕದ ಮೆಮೊರಿಗೆ ವಿಳಾಸವಿರುತ್ತದೆ. ಎಂ.ಡಿ.ಎ.ಯ ವಿಳಾಸ 704ನೆಯ ಕೆ.ಬಿ.ಯಿಂದ ಆರಂಭ, ಸಿ.ಜಿ.ಎ.ಯ ವಿಳಾಸ 736ನೆಯ ಕೆ.ಬಿ.ಯಿಂದ ಆರಂಭ. ಆಜ್ಞೆ ತಲುಪಿಸುವ ಬಾಗಿಲುಗಳೂ ಬೇರೆ ಬೇರೆ. ಆದಕಾರಣ ಇಬ್ಬರೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರಬಹುದಾಗಿತ್ತು. ಒಂದು ಪರದೆಯಲ್ಲಿ ಲೆಕ್ಕದ ಪಟ್ಟಿ, ಇನ್ನೊಂದರಲ್ಲಿ ಅದರ ಬಣ್ಣದ ನಕ್ಷೆ. ಆದರೆ ಮಾನಿಟರುಗಳನ್ನು ಅದಲುಬದಲು ಮಾಡುವಂತಿರಲಿಲ್ಲ. ಸಿ.ಜಿ.ಎ. ಸೆಕೆಂಡಿಗೆ ಸುಮಾರು 15,700 ಗೆರೆಗಳನ್ನೆಳೆದರೆ ಎಂ.ಡಿ.ಎ. ಸುಮಾರು 18,400 ಗೆರೆಗಳನ್ನೆಳೆಯುತ್ತಿತ್ತು. ಏಕವರ್ಣದ ಮಾನಿಟರಿಗೆ ತಪ್ಪು ಕಾರ್ಡನ್ನು ಜೋಡಿಸಿದರೆ ಅದು ಕೆಟ್ಟುಹೋಗುವ ಅಪಾಯವೂ ಇತ್ತು.

ಈಗ ಹರ್ಕ್ಯುಲಿಸ್ ಕಾರ್ಡನ್ನು ಈ ಮನೆಗೆ ತಂದರೆ? ಅದರದು 704ರಿಂದ ತೊಡಗಿ 64 ಕೆ.ಬಿ., ಎಂದರೆ 768ರ ತನಕ. ಸಿ.ಜಿ.ಎ.ಯ ಅಂಗಳ 736ರಿಂದ. ಲೆಕ್ಕ ನೋಡಿದೊಡನೆಯೇ ಗಡಿ ತಂಟೆ ಕಾಣುತ್ತದೆ. ಈ ತಂಟೆಗೆ ಕಾರ್ಡಿನವರೇ ಒಂದು ಪರಿಹಾರವಿಟ್ಟಿದ್ದರು. 'ಅರ್ಧ' ಎಂಬ ವಿಧಾನದಲ್ಲಿ ಕಾರ್ಡು ತನ್ನ ಎರಡನೆಯ ಪುಟವನ್ನು ಬಿಟ್ಟುಕೊಟ್ಟು 32 ಕೆ.ಬಿ.ಯಲ್ಲಿಯೇ ತೃಪ್ತಿಪಡುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಾಗ 'ಪೂರ್ಣ' ವಿಧಾನ. ಇನ್ನೊಂದು ಸೂಕ್ಷ್ಮವುಂಟು. ಮುಂದೆ ಬಂದ ಎ.ಟಿ. ಮಾದರಿಯ ಯಂತ್ರಗಳಲ್ಲಿ, ಒಂದು ಕಾರ್ಡು 8 ಬಿಟ್‌ನದೋ 16 ಬಿಟ್‌ನದೋ ಎಂಬುದನ್ನು 128 ಕೆ.ಬಿ.ಯ ಇಡೀ ತುಂಡಿಗೆ ಒಟ್ಟಾಗಿ ನಿರ್ಧರಿಸುತ್ತಿದ್ದರು. 640ರಿಂದ 768ರ ತನಕ ಒಂದೇ ತುಂಡು. ಅಲ್ಲಿ 16 ಬಿಟ್‌ನ ವಿ.ಜಿ.ಎ. ಕಾರ್ಡು 'ಈ ಕೇರಿಯೆಲ್ಲ 16 ಬಿಟ್' ಎಂದು ಸಾರಿದರೆ ಪಾಪ, 8 ಬಿಟ್‌ನ ಹರ್ಕ್ಯುಲಿಸ್ ಕಾರ್ಡು ಅರ್ಧ ಮಾತನ್ನು ಮಾತ್ರ ಕೇಳಿಸಿಕೊಂಡು ತಡವರಿಸುತ್ತದೆ. ದೊಡ್ಡ ಕಾರ್ಡನ್ನು 8 ಬಿಟ್‌ನ ನಡೆಗೆ ಇಳಿಸಿದರೆ ಎರಡೂ ನೆಟ್ಟಗೆ ನಡೆಯುತ್ತವೆ.

ಎರಡನೆಯ ಉಪಾಯ, ಮಾನಿಟರು ಒಂದೇ, ಆದರೆ ಸರದಿಯಂತೆ ಬಳಕೆ. 1977ರ ಆಪಲ್ 2 ಯಂತ್ರದ ಸ್ವಂತ ಪರದೆಯಲ್ಲಿ ಸಾಲಿಗೆ 40 ಅಕ್ಷರ ಮಾತ್ರ. ಅದೂ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ. ಇಂಗ್ಲಿಷಿಗೇ ಅಲ್ಲಿ ಅರ್ಧ ವರ್ಣಮಾಲೆಯಿರಲಿಲ್ಲವೆಂಬುದು ನಮಗೆ ಸಮಾಧಾನದ ಸಂಗತಿ! ಸಾಲಿಗೆ 80 ಅಕ್ಷರ ತೋರಿಸುವ ವೈಡೆಕ್ಸ್ ಕಂಪೆನಿಯ ಕಾರ್ಡನ್ನು ಸಿಕ್ಕಿಸಿದರೆ ಬರಹವು ಆ ಕಾರ್ಡಿನಿಂದಲೂ 280 ಅಗಲ 192 ಎತ್ತರದ ಚಿತ್ರವು ಯಂತ್ರದ ಸ್ವಂತ ದಾರಿಯಿಂದಲೂ ಬರುತ್ತಿತ್ತು. ನಡುವೆ ಒಂದು ಸ್ವಿಚ್ಚು ಇಟ್ಟು ಬೇಕಾದುದನ್ನು ಮಾನಿಟರಿಗೆ ಕಳುಹಿಸಬೇಕಾಗಿತ್ತು. 1996ರಲ್ಲಿ ಬಂದ ವೂಡೂ ಕಾರ್ಡಿನಲ್ಲಿಯೂ ಇದೇ ತತ್ವ. ಅದು ಆಟಗಳ ಮೂರು ಆಯಾಮದ ಚಿತ್ರಗಳನ್ನಷ್ಟೇ ಬರೆಯುತ್ತಿತ್ತು. ದಿನದ ಕೆಲಸ ಹಳೆಯ ಕಾರ್ಡಿನದೇ. ಹಳೆಯ ಕಾರ್ಡಿನ ಕೇಬಲು ವೂಡೂವಿನೊಳಗೆ ಹೊಕ್ಕು ಅಲ್ಲಿಂದ ಮಾನಿಟರಿಗೆ ಹೋಗುತ್ತಿತ್ತು. ಆಟ ತೊಡಗಿದಾಗ ವೂಡೂ ತನ್ನ ಚಿತ್ರವನ್ನು ಬಿಡುತ್ತದೆ, ಮುಗಿದಾಗ ಹಳೆಯದಕ್ಕೆ ದಾರಿ ಬಿಡುತ್ತದೆ. ಒಂದು ಕೇಬಲು ಹೆಚ್ಚಾದ್ದರಿಂದ ಅಕ್ಷರಗಳು ತುಸು ಮಸುಕಾಗುವುದೂ ಇತ್ತು.

ಮೂರನೆಯ ಉಪಾಯ, ಎರಡು ಚಿತ್ರಗಳನ್ನು ಏಕಕಾಲಕ್ಕೆ ಒಂದರ ಮೇಲೊಂದು ಕೂಡಿಸುವುದು. 1985ರ ಅಮಿಗಾ ಯಂತ್ರಕ್ಕೆ ಜೆನ್‌ಲಾಕ್ ಎಂಬ ಸಾಧನವನ್ನು ಜೋಡಿಸಿದರೆ ಪರದೆಯ ಹಿನ್ನೆಲೆ ಬಣ್ಣವಿರುವಲ್ಲೆಲ್ಲ ಹೊರಗಿನ ವೀಡಿಯೋ ಕಾಣಿಸುತ್ತಿತ್ತು. ಉಳಿದ ಕಡೆ ಅಮಿಗಾದ ಅಕ್ಷರ, ಚಿತ್ರ. ಮದುವೆಯ ವೀಡಿಯೋದ ಮೇಲೆ ವಧೂವರರ ಹೆಸರು ಕಾಣಿಸುವಂತೆ ಎಂದು ತಿಳಿದುಕೊಳ್ಳಿರಿ. ಆದರೆ ಇದಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ. ಎರಡೂ ಕಡೆಯ ಗೆರೆಗಳು ಒಂದೇ ಕ್ಷಣದಲ್ಲಿ ಆರಂಭವಾಗಬೇಕು. ಯಕ್ಷಗಾನದಲ್ಲಿ ಭಾಗವತರ ಜಾಗಟೆಗೆ ಚೆಂಡೆಯೂ ಮದ್ದಳೆಯೂ ಕೂಡಿಬರದಿದ್ದರೆ ಆಟ ಕೆಡುವುದಿಲ್ಲವೆ? ಇಲ್ಲಿಯೂ ತಾಳ ತಪ್ಪಿದರೆ ಒಂದು ಚಿತ್ರ ಇನ್ನೊಂದರ ಮೇಲೆ ಉರುಳತೊಡಗುತ್ತದೆ. ಹೊರಗಿನ ವೀಡಿಯೋದ ತಾಳಕ್ಕೆ ಯಂತ್ರವನ್ನು ಕಟ್ಟಿಹಾಕುವುದೇ ಜೆನ್‌ಲಾಕಿನ ಕೆಲಸ.

ಭಾರತದ ಕಾರ್ಡು

ಮೇಲೆ ಹೇಳಿದ್ದೆಲ್ಲ ಚಿತ್ರದ ಮಾತಾಯಿತು. ಭಾರತೀಯ ಭಾಷೆಗಳಿಗೆ ಬೇಕಾದದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು: ಬರೇ ಚಿತ್ರ ಬಿಡಿಸುವ ಕಾರ್ಡಲ್ಲ, ಕಾಗುಣಿತ ಬಲ್ಲ ಕಾರ್ಡು. ಕಾನ್ಪುರದ ಐ.ಐ.ಟಿ.ಯಲ್ಲಿ ದೇವನಾಗರಿಯ ಮೇಲೆ ನಡೆದ ಸಂಶೋಧನೆಯಿಂದ ಆರಂಭವಾಗಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ಎಂಬ ತಂತ್ರಜ್ಞಾನ ಈ ಕೆಲಸವನ್ನು ಮಾಡಿತು. ಜಿಸ್ಟ್ ಕಾರ್ಡನ್ನು ಪಿ.ಸಿ.ಯ ಸ್ಲಾಟಿಗೆ ಸಿಕ್ಕಿಸಿದರೆ, ಇಂಗ್ಲಿಷಿಗೆಂದೇ ಬರೆದ ಡಾಸ್ ಪ್ರೋಗ್ರಾಮುಗಳಲ್ಲಿ ಕನ್ನಡವೇ ಮೊದಲಾದ ಭಾರತೀಯ ಲಿಪಿಗಳನ್ನು ಇಂಗ್ಲಿಷಿನೊಂದಿಗೆ ಬೆರೆಸಿ ಬಳಸಬಹುದಾಗಿತ್ತು.

ಅದರ ಮರ್ಮವನ್ನು 'ಕನ್ನಡ' ಎಂಬ ಪದದಿಂದಲೇ ತಿಳಿಯಬಹುದು. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ಕ್ರಮದಲ್ಲಿ ಇದಕ್ಕೆ ಐದು ಸಲ ಕೀಲಿ ಒತ್ತಬೇಕು: ಕ, ನ, ಹಲಂತ, ನ, ಡ. ಮೆಮೊರಿಯಲ್ಲಿ ಉಳಿಯುವುದೂ ಈ ಐದು ಸಂಖ್ಯೆಗಳೇ. ಆದರೆ ಕಣ್ಣಿಗೆ ಕಾಣಬೇಕಾದದ್ದು ಮೂರು ಅಕ್ಷರ. ಮೊಳೆಯ ವಿಧಾನದಲ್ಲಿ ಒಂದು ಸಂಖ್ಯೆಗೆ ಒಂದು ಮನೆ. ಅಲ್ಲಿ ಐದು ಆಕಾರಗಳು ಬಿಡಿಬಿಡಿಯಾಗಿ ಬಿದ್ದಿರುತ್ತಿದ್ದವು. ಐದನ್ನು ಓದಿ ಮೂರಾಗಿ ಕಟ್ಟುವುದು, ನಕಾರದ ಕೆಳಗೆ ಒತ್ತನ್ನು ಕೂಡಿಸುವುದು ಕಾರ್ಡಿನ ಪಾಲಿನ ಬುದ್ಧಿವಂತಿಕೆ. ಪ್ರೋಗ್ರಾಮಿಗೆ ಸಂಖ್ಯೆ ಗೊತ್ತು, ರೂಪ ಗೊತ್ತಿಲ್ಲ. ರೂಪದ ಹೊಣೆ ಹೊತ್ತವನು ಬೇರೆ. ಹೀಗೆ ಸಂಖ್ಯೆಯನ್ನೂ ರೂಪವನ್ನೂ ಬೇರ್ಪಡಿಸಿದ್ದೇ ದೊಡ್ಡ ಸಾಧನೆಯೆಂದು ನಮ್ಮ ಅಭಿಪ್ರಾಯ. ಒತ್ತಕ್ಷರ ಯಂತ್ರಕ್ಕೆ ಒಗ್ಗದೆಂದು ಅದನ್ನು ಕತ್ತರಿಸುವ ಅಗತ್ಯ ಆಗ ಇಲ್ಲವಾಯಿತು.

ಈ ಸಂಖ್ಯೆಗಳ ಪಟ್ಟಿಗೆ ಇಸ್ಕಿ ಎಂದು ಹೆಸರು, 1991ರಲ್ಲಿ ಐ.ಎಸ್. 13194 ಎಂಬ ಭಾರತೀಯ ಮಾನಕವಾಗಿ ಅದು ಪ್ರಕಟವಾಯಿತು. 256ರಲ್ಲಿ ಮೊದಲಿನ 128 ಸ್ಥಾನಗಳನ್ನು ಇಂಗ್ಲಿಷಿಗೆ ಇದ್ದಂತೆಯೇ ಬಿಟ್ಟರು. ಮೇಲಿನ 128ರಲ್ಲಿ ಬ್ರಾಹ್ಮಿಯಿಂದ ಹುಟ್ಟಿದ ನಮ್ಮ ಲಿಪಿಗಳಿಗೆಲ್ಲ ಒಂದೇ ಪಟ್ಟಿಯನ್ನು ಹಾಕಿದರು. ಕನ್ನಡದ ಕಕಾರಕ್ಕೂ ಮಲಯಾಳದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಒಂದೇ ಸಂಖ್ಯೆ. ಲಿಪಿಯನ್ನು ಬದಲಿಸೆಂದರೆ ಕನ್ನಡದಲ್ಲಿ ಬರೆದದ್ದು ಮಲಯಾಳದಲ್ಲಿ ಕಾಣುತ್ತದೆ. ಲಿಪಿ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ ಎಂಬ ನಮ್ಮ ವೈಯಾಕರಣರ ತಿಳಿವಳಿಕೆಯನ್ನು ಯಂತ್ರವೂ ಒಪ್ಪಿಕೊಂಡಂತಾಯಿತು.

ಕಾರ್ಡು ಹೋದ ಮೇಲೆ

ಇಂದು ಜಿಸ್ಟ್ ಕಾರ್ಡಾಗಲಿ ಹರ್ಕ್ಯುಲಿಸ್ ಕಾರ್ಡಾಗಲಿ ಯಾರಿಗೂ ಬೇಕಾಗಿಲ್ಲ. ಪರದೆಯೆಲ್ಲ ಚಿತ್ರ ವಿಧಾನಕ್ಕೆ ತಿರುಗಿದೆ. ಇಂಗ್ಲಿಷಿನ ಅಕ್ಷರವೂ ಇಂದು ಮೊಳೆಯಲ್ಲ, ಬ್ಲಾಕೇ. ಅಕ್ಷರಗಳನ್ನು ಕಟ್ಟುವ ಬುದ್ಧಿಯು ಕಾರ್ಡಿನಿಂದ ಇಳಿದು ಫಾಂಟಿನೊಳಗಿನ ನಿಯಮಗಳಲ್ಲಿಯೂ ತಂತ್ರಾಂಶದಲ್ಲಿಯೂ ನೆಲೆಸಿದೆ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನೊಂದಿಗೇ ಬಂತು. ಆದರೆ ಹಳೆಯ ಮೊಳೆಯ ವಿಧಾನ ಪೂರ್ತಿ ಸತ್ತಿಲ್ಲ. ಲಿನಕ್ಸಿನ ಕಪ್ಪು ಪರದೆಯ ಕನ್ಸೋಲಿನಲ್ಲಿ ಕನ್ನಡ ಬರೆಯಲು ಹೋದರೆ ಒತ್ತಕ್ಷರ ಸರಿಯಾಗಿ ಮೂಡದು. ಹಳೆಯ ಕಟ್ಟಳೆ ಅಲ್ಲಿನ್ನೂ ಉಳಿದಿದೆ.

ಕಾರ್ಡು ಹೋದರೂ ಇಸ್ಕಿಯ ಕ್ರಮ ಉಳಿಯಿತು. ಈಗ ಲೋಕವೆಲ್ಲ ಬಳಸುವ ಯೂನಿಕೋಡಿನಲ್ಲಿ ತೆಲುಗಿನ ಕಕಾರಕ್ಕೆ 3093, ಕನ್ನಡದ ಕಕಾರಕ್ಕೆ 3221, ಮಲಯಾಳದ ಕಕಾರಕ್ಕೆ 3349. ಕಳೆದು ನೋಡಿರಿ: ಎರಡು ಸಲವೂ 128. ಮೂರು ಲಿಪಿಗಳೂ ಅಕ್ಕಪಕ್ಕದ ಮನೆಗಳಂತೆ ಒಂದೇ ಅಳತೆಯಲ್ಲಿ ನಿಂತಿವೆ. ಒಳಗಿನ ಕೋಣೆಗಳ ಸಾಲೂ ಹೆಚ್ಚುಕಡಿಮೆ ಒಂದೇ. ಕನ್ನಡದ ಅಕ್ಷರದ ಸಂಖ್ಯೆಗೆ 128ನ್ನು ಕೂಡಿಸಿದರೆ ಮಲಯಾಳದ ಅಕ್ಷರ ದೊರೆಯುತ್ತದೆ.

ಹಾಗಾದರೆ ಎರಡು ಭಾಷೆಗಳ ನಡುವಿನ ಕೆಲಸವೆಲ್ಲ ಈ ಕೂಡಿಕೆಯಿಂದ ಮುಗಿಯಿತೆ? ಮುಗಿಯದು. 'ಕಾಸರಗೋಡು' ಎಂದು ನಾವು ಕೊನೆಯಲ್ಲಿ ಉಕಾರ ಹಚ್ಚಿ ಬರೆಯುತ್ತೇವೆ. ಮಲಯಾಳದಲ್ಲಿ ಅಲ್ಲಿ ಅರೆ ಉಕಾರದ ಚಂದ್ರಕ್ಕಲವನ್ನು ಹಾಕುತ್ತಾರೆ. ಯಂತ್ರವು 128ನ್ನು ಕೂಡಿಸಿ ಉಕಾರವನ್ನೇ ಕೊಡುತ್ತದೆ. ಅದು ಅಕ್ಷರವನ್ನು ಬಲ್ಲುದು, ನುಡಿಯ ಬಳಕೆಯನ್ನು ಅರಿಯದು. ಅದನ್ನು ಅರಿಯತಕ್ಕವರು ಎರಡು ನುಡಿಗಳನ್ನೂ ಓದಿದವರು. ಕನ್ನಡದಲ್ಲಿ ಕಲಿತು ಮಲಯಾಳದ ನಾಡಿನಲ್ಲಿ ಬಾಳುವ ನಮ್ಮ ವಿದ್ಯಾರ್ಥಿಗಳಿಗೆ ಇದು ಬರೇ ಪಾಠದ ಮಾತಲ್ಲ. ಶಾಲೆಯ ದಾಖಲೆಯಲ್ಲಿ, ಪ್ರಮಾಣಪತ್ರದಲ್ಲಿ, ರೇಷನ್ ಕಾರ್ಡಿನಲ್ಲಿ ಅವರ ಹೆಸರೂ ಮನೆತನದ ಹೆಸರೂ ಊರಿನ ಹೆಸರೂ ಕನ್ನಡ, ಮಲಯಾಳ, ಇಂಗ್ಲಿಷ್ ಎಂಬ ಮೂರು ಲಿಪಿಗಳಲ್ಲಿ ದಾಟಿಹೋಗುತ್ತವೆ. ದಾಟುವಲ್ಲಿ ಒಂದು ದೀರ್ಘ ಬಿದ್ದರೆ, ಒಂದು ಒತ್ತು ಹಾರಿದರೆ ಹೆಸರೇ ಬೇರೆಯಾಗುತ್ತದೆ.

ಆದಕಾರಣ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಬೇಕು. ಯಾವುದಾದರೂ ಯಂತ್ರದಲ್ಲಿ ನಿಮ್ಮ ಹೆಸರಿನ ಒತ್ತಕ್ಷರ ಚದರಿ ಕಂಡರೆ ಗಾಬರಿಯಾಗಿ ಕಾಗುಣಿತವನ್ನು ಬದಲಿಸಬೇಡಿರಿ. ಬಹುಮಟ್ಟಿಗೆ ಒಳಗಿನ ಸಂಖ್ಯೆಗಳು ಸರಿಯಾಗಿಯೇ ಇರುತ್ತವೆ. ಕೊರತೆಯಿರುವುದು ರೂಪ ಕಟ್ಟುವ ಕಡೆಯಲ್ಲಿ. ಫಾಂಟನ್ನು ಸರಿಪಡಿಸಿದರೆ ಅಕ್ಷರ ತಾನಾಗಿ ಕೂಡಿಕೊಳ್ಳುತ್ತದೆ. ಪರದೆಗೆ ಸರಿಹೋಗಲೆಂದು ಹೆಸರನ್ನೇ ತಿದ್ದಿದರೆ ತಪ್ಪು ಒಳಗೆ ಸೇರಿ ಶಾಶ್ವತವಾಗುತ್ತದೆ. ಎರಡನೆಯದಾಗಿ, ಹೊಸದನ್ನು ಸೇರಿಸಿಕೊಳ್ಳುವುದಕ್ಕೆ ಇದ್ದುದನ್ನು ಕಿತ್ತೆಸೆಯಬೇಕಾಗಿಲ್ಲ. ಎರಡು ಕಾರ್ಡುಗಳು ಒಂದೇ ಯಂತ್ರದಲ್ಲಿ ಬಾಳಿದ್ದು ವಿಳಾಸ ಬೇರೆಯಾಗಿದ್ದುದರಿಂದ, ತಾಳ ಕೂಡಿದ್ದುದರಿಂದ, ಬೇಕಾದಾಗ ಒಂದು ಇನ್ನೊಂದಕ್ಕೆ ಅರ್ಧ ಜಾಗ ಬಿಟ್ಟುಕೊಟ್ಟದ್ದರಿಂದ. ಮಲಯಾಳವನ್ನು ಚೆನ್ನಾಗಿ ಕಲಿಯಿರಿ, ಇಂಗ್ಲಿಷನ್ನೂ ಕಲಿಯಿರಿ. ಕನ್ನಡದ ಕಾಗುಣಿತವನ್ನು ಮಾತ್ರ ಯಾರಿಗಾಗಿಯೂ ಮೊಟಕುಗೊಳಿಸಬೇಡಿರಿ. ತನ್ನ ತಾಯ್ನುಡಿಯ ಲಿಪಿಗಾಗಿ ಥಾಯ್ಲೆಂಡಿನವರೊಬ್ಬರು ಒಂದು ಕಾರ್ಡನ್ನೇ ಹೊಸದಾಗಿ ಕಟ್ಟಿದರು. ನಮ್ಮ ಲಿಪಿಗೆ ಬೇಕಾದ ಯಂತ್ರವೂ ಮಾನಕವೂ ಈಗ ಕೈಗೆಟುಕುವಲ್ಲಿಯೇ ಇವೆ. ಅವನ್ನು ತಪ್ಪಿಲ್ಲದೆ ಬಳಸುವುದು ವಿದ್ಯಾರ್ಥಿಗಳಾದ ನಿಮ್ಮ ಕೆಲಸ, ಅದನ್ನು ಕಲಿಸುವುದು ನಮ್ಮ ಕೆಲಸ.